ಅಳತೆಗೆ ಹೊಲಿಸಿದ ಹ್ಯಾಂಡಲ್

ದರ್ಜಿಯ ಎರಡೂ ಕೈ ಬಿದ್ದುಹೋಗಿವೆ ಎಂಬ ಸುದ್ದಿ ಬೀದಿಯ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ದರ್ಜಿ ಅದೇ ಕೈಗಳಿಂದ ಒಂದು ಕೋಟಿನ ತೋಳಿಗೆ ಲೈನಿಂಗ್ ಹೊಲಿದು ಮುಗಿಸಿದ್ದ. ಸುದ್ದಿ ತನ್ನ ಕುರಿತದ್ದು ಎಂದು ಅವನಿಗೆ ತಿಳಿದದ್ದು ಎಲ್ಲರಿಗಿಂತ ಕಡೆಗೆ. ಇಂಥ ಸುದ್ದಿಗಳ ನಡವಳಿಕೆಯೇ ಹಾಗೆ. ಸಂಬಂಧಪಟ್ಟವನನ್ನು ಕೇಳಿದರೆ ಎಲ್ಲಿ ಸುಳ್ಳಾಗಿಬಿಡುತ್ತದೋ ಎಂಬ ಭಯಕ್ಕೆ ಯಾರೂ ಅವನ ಹತ್ತಿರ ಹೋಗುವುದಿಲ್ಲ.

ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿದರೆ ಯಾರಿಗೂ ಅನ್ಯಾಯವಾಗದು.

ದರ್ಜಿಯ ಕಣ್ಣು ಬಹಳ ದಿನದಿಂದ ಊರಾಚೆಯ ಅಗ್ನಿಶಾಮಕ ಠಾಣೆಯ ಮೇಲಿತ್ತು. ಅಲ್ಲಿನ ಸಿಬ್ಬಂದಿಗೆಲ್ಲ ಹೊಸ ಕೋಟು ಹೊಲಿಸುವುದಿತ್ತು. ಕೆಲಸ ಸಿಕ್ಕಿದರೆ ಅವನ ಮಿಷನ್ನಿಗೆ ವರ್ಷವಿಡೀ ಬಿಡುವಿಲ್ಲ. ಸಿಗದಿದ್ದರೆ ಅದು ದೊಡ್ಡ ರಸ್ತೆಯ ರೆಡಿಮೇಡ್ ಅಂಗಡಿಗೆ ಹೋಗುತ್ತದೆ, ದರ್ಜಿ ಹಳೆಯ ಪ್ಯಾಂಟುಗಳ ಜಿಪ್ ಬದಲಾಯಿಸುತ್ತ ಕೂರಬೇಕು. ಠಾಣೆಯ ಸಾಹೇಬರು ಒಂದು ಷರತ್ತು ಹಾಕಿದ್ದರು. ಮೊದಲು ಅವರದೊಂದು ಕೋಟು ಹೊಲಿಯಬೇಕು, ಅದು ಮೈಗೆ ಕೂತರೆ ಉಳಿದವರದು. ಈ ಷರತ್ತು ಕೇಳುವುದಕ್ಕೆ ಸುಲಭ. ಸಾಹೇಬರ ಭುಜಗಳನ್ನು ನೋಡಿದವರಿಗೆ ಮಾತ್ರ ಅದರ ಕಷ್ಟ ಗೊತ್ತು. ಅವರು ಒಂದು ಕೋಣೆಗೆ ಬಂದರೆ ಮೊದಲು ಭುಜಗಳು ಬರುತ್ತಿದ್ದವು, ಸಾಹೇಬರು ಅವುಗಳ ನಡುವೆ ಎಲ್ಲೋ ಇರುತ್ತಿದ್ದರು. ರೆಡಿಮೇಡ್ ಅಂಗಡಿಯ ಅತಿ ದೊಡ್ಡ ಕೋಟು ಅವರ ಬೆನ್ನ ಮೇಲೆ ಮಧ್ಯಕ್ಕೆ ಸರಿಯಾಗಿ ಎರಡು ಹೋಳಾಗಿತ್ತು.

ಮೊದಲ ಟ್ರಯಲ್‌ಗೆ ದರ್ಜಿ ತನ್ನ ಸೈಕಲ್ಲಿನಲ್ಲೇ ಹೋದ. ದಾರಿ ಉದ್ದ, ಸೈಕಲ್ಲಿನ ಹ್ಯಾಂಡಲ್ ನೇರವಾದದ್ದು. ಕೈ ಇಟ್ಟ ಕಡೆಯೇ ಇಡಬೇಕು, ಮಣಿಕಟ್ಟಿನ ಮೇಲೆ ಮೈಭಾರವೆಲ್ಲ ಕೂರುತ್ತದೆ. ಠಾಣೆ ತಲುಪುವಷ್ಟರಲ್ಲಿ ಎರಡೂ ಅಂಗೈ ಜೋಮು ಹಿಡಿದು ಬೇರೆಯವರ ಕೈಗಳ ಹಾಗೆ ನೇತಾಡುತ್ತಿದ್ದವು. ಆ ಕೈಗಳಿಂದಲೇ ಅವನು ಸಾಹೇಬರ ಕಾಲರಿಗೆ ಗುಂಡುಪಿನ್ನು ಚುಚ್ಚಲು ಹೋದ.

"ಏನ್ರೀ, ಬೆನ್ನೊಳಗೆ ಏನೋ ಓಡಾಡ್ತಾ ಇದೆ" ಎಂದರು ಸಾಹೇಬರು.

"ಪಿನ್ನು ಸರ್. ಜಾರಿತು."

"ಮತ್ತೆ ಇದು?"

"ಅದೂ ಪಿನ್ನೇ ಸರ್."

ಸಾಹೇಬರು ಕೋಟು ಬಿಚ್ಚಿ, ಅಂಗಿ ಕೊಡವಿ, ದರ್ಜಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಮ್ಮ ಕೈ ನೆಟ್ಟಗಿಲ್ಲದಿದ್ರೆ ಈಗಲೇ ಹೇಳಿಬಿಡಿ. ರೆಡಿಮೇಡ್‌ನವರು ನಿನ್ನೆನೂ ಬಂದು ನಮಸ್ಕಾರ ಮಾಡಿ ಹೋಗಿದಾರೆ."

ರೆಡಿಮೇಡ್ ಎಂಬ ಶಬ್ದ ಕಿವಿಗೆ ಬಿದ್ದರೆ ದರ್ಜಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಯಲ್ಲಿ ಅವನ ಬಾಯಿಂದ ಒಂದು ಮಾತು ಹೊರಟುಬಿಟ್ಟಿತು.

"ಕೈ ನೆಟ್ಟಗೇ ಇದೆ ಸರ್. ತೊಂದರೆ ಇರೋದು ಸೈಕಲ್ ಹ್ಯಾಂಡಲ್‌ದು. ಅದಕ್ಕೇ ನನ್ನ ಅಳತೆಗೆ ಹೊಸದು ಮಾಡಿಸ್ತಾ ಇದೀನಿ."

ಇದು ಅವನಿಗೂ ಹೊಸ ಸಮಾಚಾರವೇ ಆಗಿತ್ತು. ಆದರೆ ಸಾಹೇಬರ ಮುಖದಲ್ಲಿ ಕುತೂಹಲ ಕಂಡಿತು. "ಹಾಗೋ? ಸೋಮವಾರ ಆ ಹ್ಯಾಂಡಲ್ ಹಾಕ್ಕೊಂಡೇ ಬನ್ನಿ. ಕೋಟೂ ತನ್ನಿ. ಕೈ ನಡುಗದೇ ಪಿನ್ನು ಚುಚ್ಚಿದ್ರೆ ಕೆಲಸ ನಿಮ್ಮದು. ಇಲ್ಲದಿದ್ರೆ ಬೇಜಾರು ಮಾಡ್ಕೋಬೇಡಿ."

ದರ್ಜಿ ಅಲ್ಲಿಂದ ನೇರ ಸೈಕಲ್ ಅಂಗಡಿಗೆ ಹೋದ. ಸೈಕಲ್ ಅಂಗಡಿಯವನು ಮಾತಿನ ಮನುಷ್ಯ. ಜೋಮು ಎಂದ ಕೂಡಲೇ ಮೇಲಿನಿಂದ ಒಂದು ಬಾಗಿದ ಹ್ಯಾಂಡಲ್ ಇಳಿಸಿದ. ಟಗರಿನ ಕೊಂಬಿನ ಹಾಗೆ ಅದು ಮುಂದಕ್ಕೆ ಹೋಗಿ, ಕೆಳಕ್ಕೆ ಸುತ್ತಿ, ಹಿಂದಕ್ಕೆ ಬಂದು ನಿಲ್ಲುತ್ತಿತ್ತು.

"ನೋಡಿ, ಇದರಲ್ಲಿ ಕೈಗೆ ಮೂರು ಮನೆ ಇದೆ. ಸುಮ್ನೆ ಹೋಗೋವಾಗ ಮೇಲಿನ ನೇರ ಪೈಪ್ ಮೇಲೆ. ಸಂದಣಿ ಇದ್ರೆ ಈ ಬ್ರೇಕಿನ ರಬ್ಬರ್ ಟೊಪ್ಪಿ ಮೇಲೆ. ಎದುರುಗಾಳಿ ಬಂದ್ರೆ ಕೆಳಗೆ, ಈ ಬಾಗಿನೊಳಗೆ. ಆಗಾಗ ಮನೆ ಬದಲಾಯಿಸ್ತಾ ಇದ್ರೆ ಜೋಮು ಹಿಡಿಯೋಕೆ ಅದಕ್ಕೆ ಪುರುಸೊತ್ತೇ ಸಿಗಲ್ಲ. ಮೊಣಕೈ ಸ್ವಲ್ಪ ಬಗ್ಗಿರಲಿ, ಮಣಿಕಟ್ಟು ಮಡಚಬಾರದು, ಅಷ್ಟೇ."

"ಅಗಲ ಎಷ್ಟಿರಬೇಕು?"

"ಭುಜದಷ್ಟು. ಈ ಮೂಳೆಯಿಂದ ಆ ಮೂಳೆಗೆ. ನಿಮಗೆ ಈ ಸಣ್ಣದೇ ಸಾಕು. ರೆಡಿಮೇಡ್, ಈಗಲೇ ಹಾಕಿಕೊಡ್ತೀನಿ."

ಅಲ್ಲಿಗೆ ಮುಗಿಯಬೇಕಾಗಿದ್ದ ಕಥೆ ಆ ಒಂದು ಶಬ್ದದಿಂದ ಮುಂದುವರಿಯಿತು.

"ರೆಡಿಮೇಡಾ?" ದರ್ಜಿ ಹ್ಯಾಂಡಲನ್ನು ಎರಡು ಬೆರಳಲ್ಲಿ ಹಿಡಿದು ಮೇಜಿನ ಮೇಲಿಟ್ಟ. "ಊರಿಗೆಲ್ಲ ಅಳತೆ ತಗೊಂಡು ಹೊಲಿಯೋ ನಾನು ಯಾರದೋ ಅಳತೆಗೆ ಮಾಡಿದ್ದನ್ನ ಹಿಡ್ಕೊಂಡು ಹೋಗ್ಲಾ? ನಾಳೆ ಅಳತೆ ತರ್ತೀನಿ. ನೀವು ಪೈಪ್ ಬಗ್ಗಿಸಿಕೊಡಿ."

ಸೈಕಲ್ ಅಂಗಡಿಯ ಹಿಂಭಾಗದಲ್ಲಿ ಪೈಪ್ ಬಗ್ಗಿಸುವ ಯಂತ್ರವೊಂದಿತ್ತು. ಕುರ್ಚಿಯ ಕಾಲು, ತಳ್ಳುಗಾಡಿಯ ಹಿಡಿ ಇತ್ಯಾದಿ ಅವನ ಉಪವೃತ್ತಿ. ಗಿರಾಕಿಯ ಜೊತೆ ವಾದ ಮಾಡಿ ಯಾರೂ ಮನೆ ಕಟ್ಟಿಲ್ಲ ಎಂಬುದು ಅವನ ನಂಬಿಕೆ. ಆಗಲಿ ಎಂದ.

ತನ್ನ ಭುಜವನ್ನು ತಾನೇ ಅಳೆದುಕೊಳ್ಳುವುದು ಎಂಥ ದರ್ಜಿಗೂ ಆಗದು. ರಾತ್ರಿ ಊಟಕ್ಕೆ ಮುಂಚೆ ಹೆಂಡತಿಯ ಕೈಗೆ ಟೇಪು ಕೊಟ್ಟು ಬೆನ್ನು ತಿರುಗಿಸಿ ನಿಂತ. ಹೆಂಡತಿ ಅವನ ಅಂಗಡಿಯಲ್ಲೇ ಗುಂಡಿ, ಕಾಜಾ, ಮಡಿಕೆ ಎಲ್ಲ ಹೊಲಿದು ಪಳಗಿದವಳು. ಭುಜ ಅಳೆದಳು. ಉಸಿರಾಡಲು ಜಾಗ ಇರಲೆಂದು ಎರಡು ಬೆರಳು ಸಡಿಲ ಸೇರಿಸಿ ಅಳತೆ ಹೇಳಿದಳು. ಅವಳಿಗೆ ಹಾಗೆ ಕಲಿಸಿದವನೇ ಅವನು. ಅಳತೆ ಕೇಳಿಸಿಕೊಂಡ ದರ್ಜಿ, ಉಸಿರಾಡಲು ಜಾಗ ಇರಲೆಂದು ತನ್ನ ಪಾಲಿನ ಸಡಿಲ ಸೇರಿಸಿದ. ಬರಿಯ ಮೈಯ ಅಳತೆಗೆ ಕತ್ತರಿ ಹಾಕಿದ ದರ್ಜಿ ಈ ಲೋಕದಲ್ಲಿ ಇನ್ನೂ ಹುಟ್ಟಿಲ್ಲ. ಕಬ್ಬಿಣದ ಪೈಪು ಉಸಿರಾಡುವುದಿಲ್ಲ ಎಂಬ ವಿಚಾರ ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

"ರೀ, ತುದಿ?" ಎಂದಳು ಹೆಂಡತಿ.

"ಏನು ತುದಿ?"

"ಮಡಿಕೆಗೆ ಬಿಡೋದು ಬೇಡ್ವಾ? ಆಮೇಲೆ ಗಿಡ್ಡ ಆಯ್ತು ಅಂದ್ರೆ?"

"ಹೌದಲ್ಲ" ಎಂದ ದರ್ಜಿ. ತುದಿಗಳಿಗೂ ನಾಲ್ಕು ನಾಲ್ಕು ಬೆರಳು ಬಿಟ್ಟ.

ಆಮೇಲೆ ಅಭ್ಯಾಸದಂತೆ ದಪ್ಪ ಕಂದು ಕಾಗದದಲ್ಲಿ ಹ್ಯಾಂಡಲಿನ ಮಾದರಿ ಕತ್ತರಿಸಿ, ಮನೆಯ ಮುಂಭಾಗದಲ್ಲೇ ಇದ್ದ ಅಂಗಡಿಯ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟ. ಅದರ ಎದುರು ಸ್ಟೂಲಿನ ಮೇಲೆ ಕೂತು ಮೂರು ಮನೆಗಳ ಅಭ್ಯಾಸ ಶುರುಮಾಡಿದ. ಕೈ ಮೇಲೆ, ಕೈ ಟೊಪ್ಪಿಯ ಮೇಲೆ, ಕೈ ಕೆಳಗೆ. ಕಾಗದ ಹರಿಯಬಾರದೆಂದು ಅವನು ಅದನ್ನು ಬಹಳ ಮೆಲ್ಲಗೆ, ಬಹಳ ನೋವಿರುವವನ ಹಾಗೆ ಮುಟ್ಟುತ್ತಿದ್ದ.

ಎದುರು ಮನೆಯ ಮಹಡಿಯಲ್ಲಿ ನಿವೃತ್ತ ಪೋಸ್ಟ್‌ಮಾಸ್ತರರು ವಾಸವಾಗಿದ್ದರು. ಜೀವಮಾನವಿಡೀ ಬೇರೆಯವರ ಸಮಾಚಾರವನ್ನು ಮುಚ್ಚಿದ ಲಕೋಟೆಯಲ್ಲೇ ಸಾಗಿಸಿದವರು. ನಿವೃತ್ತಿಯ ನಂತರ ಬಿಚ್ಚಿ ಹಂಚುತ್ತಿದ್ದರು. ಅವರ ಕಿಟಕಿಗೆ ದರ್ಜಿಯ ಅಂಗಡಿ ಪೂರ್ತಿ ಕಾಣುತ್ತಿತ್ತು, ಮಾತು ಅರ್ಧ ಕೇಳುತ್ತಿತ್ತು.

"ಒಂದೇ ಕಡೆ ಇಟ್ರೆ ಪೂರ್ತಿ ಸತ್ತೇಹೋಗುತ್ತೆ ಕಣೇ" ಎನ್ನುತ್ತಿದ್ದ ದರ್ಜಿ.

"ಹಾಗಾದ್ರೆ ಮೇಲೆ ಎತ್ತಿಡಿ."

"ಮೇಲೆ ಎಷ್ಟು ಹೊತ್ತು ತಡೆಯುತ್ತೆ? ಇನ್ನು ಇದನ್ನ ಹಾಕಿಸಿಕೊಂಡೇ ಇರಬೇಕು. ಸೋಮವಾರದೊಳಗೆ ಸರಿಹೋಗದಿದ್ರೆ ಠಾಣೆ ಕೆಲಸ ಹೋದ ಹಾಗೇ."

ಪೋಸ್ಟ್‌ಮಾಸ್ತರರು ಕಣ್ಣಲ್ಲಿ ಕಂಡದ್ದನ್ನೂ ಕಿವಿಯಲ್ಲಿ ಕೇಳಿದ್ದನ್ನೂ ಜೋಡಿಸಿದರು. ಹಗ್ಗದಲ್ಲಿ ಎರಡು ಕೊಕ್ಕೆಯ ಒಂದು ಪಟ್ಟಿ ನೇತಾಡುತ್ತಿದೆ. ದರ್ಜಿ ಅದರೊಳಗೆ ಕೈ ತೂಗುಹಾಕಲು ಕಲಿಯುತ್ತಿದ್ದಾನೆ. ಹೆಂಡತಿ ಧೈರ್ಯ ಹೇಳುತ್ತಿದ್ದಾಳೆ. ಇನ್ನು ಅನುಮಾನಕ್ಕೆ ಎಲ್ಲಿದೆ ಜಾಗ? ಅವರು ಕರುಣೆಯುಳ್ಳ ಮನುಷ್ಯ. ಕಣ್ಣೊರೆಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಬೀದಿಗಿಳಿದರು.

ಮರುದಿನ ಬೆಳಗ್ಗೆ ಮೊದಲು ಬಂದವನು ಬ್ರೆಡ್ ಅಂಗಡಿಯವನು. ಅವನು ಎಂದೂ ಗಟ್ಟಿಯಾಗಿಯೇ ಮಾತಾಡುವವನು, ಅವತ್ತು ಆಸ್ಪತ್ರೆಗೆ ಬಂದವನ ಹಾಗೆ ಪಿಸುಗುಟ್ಟಿದ.

"ಅಣ್ಣ, ನನ್ನ ಪ್ಯಾಂಟ್ ಬಟ್ಟೆ ಇತ್ತಲ್ಲ."

"ನಾಳೆ ಕೊಡ್ತೀನಿ ಮಾರಾಯ. ಕತ್ತರಿ ಹಾಕೋದೊಂದು ಬಾಕಿ."

"ಹಾಕಬೇಡಿ ಅಣ್ಣ" ಎಂದ ಬ್ರೆಡ್ಡಿನವನು ಗಾಬರಿಯಿಂದ. "ಹಾಗೇ ಕೊಡಿ. ಅಲ್ಲ, ನೀವು ಏಳಬೇಡಿ, ನಾನೇ ತಗೋತೀನಿ. ಪಂಚೆ ಉಟ್ಕೊಂಡು ಇದ್ದುಬಿಡ್ತೀನಿ, ನನಗೇನೂ ಅವಸರ ಇಲ್ಲ."

ಬಟ್ಟೆ ತೆಗೆದುಕೊಂಡು, ಮೇಜಿನ ಮೇಲೆ ಒಂದು ದೊಡ್ಡ ಬ್ರೆಡ್ಡು ಇಟ್ಟು, ಹಿಂತಿರುಗಿ ನೋಡದೆ ಹೋದ. ಬ್ರೆಡ್ಡನ್ನು ತುಂಡು ಮಾಡಿಯೇ ತಂದಿದ್ದ. ದರ್ಜಿಗೆ ಅರ್ಥವಾಗಲಿಲ್ಲ.

ಆಮೇಲೆ ಹೈಸ್ಕೂಲಿನ ಮೇಡಂ ಬಂದರು. "ನನ್ನ ರವಿಕೆ ಬಟ್ಟೆ ಕೊಟ್ಟುಬಿಡಿ. ಈ ವರ್ಷ ಹೊಲಿಸೋದು ಬೇಡ ಅಂತ ಮನೇಲಿ ತೀರ್ಮಾನ ಮಾಡಿದ್ವಿ."

"ಹೊಲಿದಾಯ್ತಲ್ಲ ಮೇಡಂ. ತಗೊಳ್ಳಿ."

ಮೇಡಂ ರವಿಕೆಯನ್ನು ಬೆಳಕಿಗೆ ಹಿಡಿದು ನೋಡಿದರು. ಹೊಲಿಗೆ ಗೆರೆ ಎಳೆದ ಹಾಗಿತ್ತು. ಅವರ ಕಣ್ಣು ಒದ್ದೆಯಾಯಿತು. "ಇದೇ ಕಡೆಯದು ಅಂತ ಇಟ್ಕೋತೀನಿ" ಎಂದು ಹೊರಟುಹೋದರು.

ಮಧ್ಯಾಹ್ನದೊಳಗೆ ಕಪಾಟು ಖಾಲಿಯಾಯಿತು. ಬಂದವರೆಲ್ಲ ಮೆಲುದನಿಯಲ್ಲಿ ಮಾತಾಡಿದರು, ಬಾಗಿಲು ತಾವೇ ತೆಗೆದುಕೊಂಡರು, ಅವನ ಕೈ ಕಡೆ ನೋಡಬಾರದೆಂದು ಚಾವಣಿ ನೋಡಿದರು. ದರ್ಜಿಗೆ ತೋಚಿದ್ದು ಒಂದೇ ವಿವರಣೆ.

"ರೆಡಿಮೇಡ್‌ನವನು ಏನೋ ಮಾಟ ಮಾಡಿದಾನೆ ಕಣೇ. ಎಲ್ಲರೂ ಅಲ್ಲಿಗೇ ಹೊರಟಿದಾರೆ. ಈಗ ನಮಗೆ ಉಳಿದಿರೋದು ಸಾಹೇಬರ ಕೋಟೊಂದೇ."

ಸಂಜೆ ಬಸ್ಸಿಗೆ ಅತ್ತೆ ಬಂದಿಳಿದರು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಚಮಚ. ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಮಾತು ಶುರುವಾಯಿತು.

"ಅಳಿಯಂದಿರೇ, ಏಳಬೇಡಿ. ಕೈ ಮುಗಿಯೋಕೂ ಹೋಗಬೇಡಿ. ನಾನು ಬಂದಿದೀನಲ್ಲ, ಇನ್ನು ಊಟ, ಸ್ನಾನ, ಗುಂಡಿ ಹಾಕೋದು ಎಲ್ಲ ನಾನು ನೋಡ್ಕೋತೀನಿ."

"ಸ್ನಾನಾನಾ?" ಎಂದ ದರ್ಜಿ ಎದ್ದು ನಿಂತು.

"ನಾಚಿಕೆ ಪಟ್ಕೋಬೇಡಿ. ನಾನು ನಿಮ್ಮ ತಾಯಿ ಇದ್ದ ಹಾಗೆ."

"ಅಮ್ಮಾ, ಅವರಿಗೆ ಏನಾಗಿದೆ ಅಂತ ಈ ಗೋಳು?" ಎಂದಳು ಹೆಂಡತಿ.

"ನನ್ನ ಹತ್ರನೂ ಮುಚ್ಚಿಡ್ತೀಯಾ? ನಮ್ಮೂರ ಅಂಚೆ ಕಚೇರಿಗೇ ಫೋನ್ ಬಂದಿತ್ತು. ಎರಡೂ ಕೈ ಬಿದ್ದುಹೋಗಿದೆ, ಕೊಕ್ಕೆಗೆ ನೇತುಹಾಕಿ ಇಟ್ಟಿದಾರೆ ಅಂತ."

ದರ್ಜಿ ಹಗ್ಗದ ಮೇಲಿನ ಕಾಗದ ನೋಡಿದ. ಎದುರಿನ ಕಿಟಕಿ ನೋಡಿದ. ಕಿಟಕಿಯಲ್ಲಿ ಪೋಸ್ಟ್‌ಮಾಸ್ತರರು ಅತ್ತೆಗೆ ಸಂತಾಪಸೂಚಕವಾಗಿ ತಲೆಬಾಗುತ್ತಿದ್ದರು. ಅವನು ಬೀದಿ ದಾಟಿ, ಮೆಟ್ಟಿಲು ಹತ್ತಿ, ಎರಡೂ ಕೈ ಅವರ ಮೂಗಿನ ಮುಂದೆ ಹಿಡಿದು ಹತ್ತೂ ಬೆರಳು ಆಡಿಸಿದ.

"ನೋಡಿ ಮಾಸ್ತರೇ. ಬಿದ್ದಿದೆಯಾ?"

"ಅಬ್ಬಾ, ಇಷ್ಟು ಬೇಗ ಗುಣ ಕಾಣಿಸ್ತಿದೆ" ಎಂದರು ಪೋಸ್ಟ್‌ಮಾಸ್ತರರು ನಿಜವಾದ ಸಂತೋಷದಿಂದ. "ಬೆರಳು ನಡುಗೋದೊಂದು ಬಿಟ್ರೆ ಪರವಾಗಿಲ್ಲ."

"ಅದು ಸಿಟ್ಟಿಗೆ ನಡುಗ್ತಿರೋದು."

"ಸಿಟ್ಟೂ ಒಂದು ಲಕ್ಷಣವೇ. ಆಯಾಸ ಮಾಡ್ಕೋಬೇಡಿ. ನಿಮಗೆ ತೊಂದರೆ ಆಗಬಾರದು ಅಂತ ಅಗ್ನಿಶಾಮಕ ಠಾಣೆಗೂ ನಾನೇ ತಿಳಿಸಿಬಿಟ್ಟಿದೀನಿ. ಪಾಪ, ಅವರು ಕೋಟಿಗೋಸ್ಕರ ಕಾಯ್ತಾ ಕೂರಬಾರದಲ್ಲ."

ದರ್ಜಿ ಅಲ್ಲಿದ್ದ ಕುರ್ಚಿ ಎಳೆದುಕೊಂಡು ಕೂತ. "ಸಾಹೇಬರು ಏನಂದ್ರು?"

"ಸೋಮವಾರ ಬರಲಿ, ಕೈ ಕಣ್ಣಾರೆ ನೋಡ್ತೀನಿ ಅಂದ್ರು. ಹಾಂ, ರೆಡಿಮೇಡ್‌ನವರಿಗೂ ಅದೇ ದಿನ ಬರೋಕೆ ಹೇಳಿದಾರಂತೆ. ಯಾವುದಕ್ಕೂ ಇರಲಿ ಅಂತ."

ಹ್ಯಾಂಡಲ್ ತಯಾರಾದದ್ದು ಭಾನುವಾರ. ಸೈಕಲ್ ಅಂಗಡಿಯವನೂ ಕಸುಬು ಬಲ್ಲವನು. ಬಗ್ಗಿಸುವಾಗ ಪೈಪು ಸ್ವಲ್ಪ ಒಳಗೆ ಎಳೆದುಕೊಳ್ಳುತ್ತದೆಂದು ತನ್ನ ಲೆಕ್ಕದ ಮೇಲೆ ಒಂದಿಷ್ಟು ಸೇರಿಸಿದ್ದ. ಅದು ಎಳೆದುಕೊಳ್ಳಲಿಲ್ಲ. ಹೀಗೆ ಹೆಂಡತಿಯ ಸಡಿಲ, ಗಂಡನ ಸಡಿಲ, ಅಂಗಡಿಯವನ ಸಡಿಲ ಮೂರೂ ಸೇರಿ ಸೈಕಲ್ಲಿಗೆ ಒಂದು ವಿಶಾಲವಾದ ಮನೋಭಾವ ಬಂದಿತ್ತು. ಮಡಿಕೆಗೆ ಬಿಟ್ಟ ತುದಿಗಳು ಹಿಂದಕ್ಕೆ ಬಂದು ಸವಾರನ ಮೊಣಕಾಲು ವಿಚಾರಿಸಿಕೊಳ್ಳುತ್ತಿದ್ದವು.

ದರ್ಜಿ ಸೀಟಿನ ಮೇಲೆ ಕೂತು ಹ್ಯಾಂಡಲ್ ಹಿಡಿದ. ಬೀರು ಸಾಗಿಸಲು ಒಬ್ಬನೇ ತಬ್ಬಿಕೊಂಡವನ ಹಾಗೆ ಕಂಡ.

"ಹೇಗಿದೆ?" ಎಂದ ಸೈಕಲ್ ಅಂಗಡಿಯವನು.

ದರ್ಜಿ ಬಹಳ ಯೋಚಿಸಿ ಹೇಳಿದ, "ಗಾಳಿಯಾಡುತ್ತೆ."

"ಬೇಕಾದ್ರೆ ಆ ಸಣ್ಣ ರೆಡಿಮೇಡ್..."

"ಒಂದೆರಡು ಸಲ ಹಿಡಿದ್ರೆ ಮೈಗೆ ಕೂರುತ್ತೆ" ಎಂದು ದರ್ಜಿ ಮಾತು ಕಡಿದ. ತನ್ನ ಗಿರಾಕಿಗಳಿಗೆ ಅವನು ಇಷ್ಟು ವರ್ಷ ಹೇಳುತ್ತ ಬಂದದ್ದೂ ಅದೇ. ಅವರು ಆಗ ಯಾಕೆ ಮುಖ ಹಾಗೆ ಮಾಡುತ್ತಿದ್ದರೆಂದು ಇವತ್ತು ತಿಳಿಯಿತು.

ಸೋಮವಾರ ಬೆಳಗ್ಗೆ ಠಾಣೆಯ ಕಡೆಗೆ ಒಂದು ಸಣ್ಣ ಮೆರವಣಿಗೆ ಹೊರಟಿತು. ಮುಂದೆ ಸೈಕಲ್ ಮೇಲೆ ದರ್ಜಿ, ಕ್ಯಾರಿಯರ್‌ಗೆ ಬಿಗಿದ ಡಬ್ಬದಲ್ಲಿ ಸಾಹೇಬರ ಕೋಟು. ಹಿಂದೆ ಒಂದು ಆಟೋದಲ್ಲಿ ಹೆಂಡತಿ, ಅತ್ತೆ, ಮತ್ತು ಕರೆಯದೇ ಹತ್ತಿ ಕೂತ ಪೋಸ್ಟ್‌ಮಾಸ್ತರರು. ಅಳಿಯಂದಿರ ಕೈ ದಾರಿಯಲ್ಲಿ ಬಿದ್ದರೆ ಎತ್ತಿಕೊಳ್ಳಲು ತಾವಿರಬೇಕೆಂಬುದು ಅತ್ತೆಯ ಹಟ.

ಆ ಸವಾರಿಯನ್ನು ನೋಡಿದವರು ಮರೆಯಲಾರರು. ದರ್ಜಿ ಮೇಲಿನ ಪೈಪಿನ ಮೇಲೆ ಕೈ ಇಟ್ಟ. ಸರಿಯಾಗಿತ್ತು, ಆದರೆ ಬ್ರೇಕು ಬೇರೆ ಊರಲ್ಲಿತ್ತು. ಟೊಪ್ಪಿಗಳ ಮೇಲೆ ಇಟ್ಟ. ತೋಳು ಪೂರ್ತಿ ಚಾಚಿ ಎದೆ ಹ್ಯಾಂಡಲಿನ ಕಡೆ ಹೊರಟಿತು, ಕತ್ತು ಹಿಂದೆ ಉಳಿಯಿತು. ಕೆಳಗಿನ ಬಾಗಿನೊಳಗೆ ಇಟ್ಟ. ಅಲ್ಲಿ ಕೈಗೆ ಸುಖ, ಮುಖ ಮಾತ್ರ ಮುಂದಿನ ಚಕ್ರದ ಹತ್ತಿರ. ಮತ್ತೆ ಮೇಲೆ. ಯಾವ ಮನೆಯಲ್ಲೂ ಒಂದು ಉಸಿರಿಗಿಂತ ಹೆಚ್ಚು ಹೊತ್ತು ಇರಲಾಗದೆ ಕೈಗಳು ಬಾಡಿಗೆ ಮನೆ ಹುಡುಕುವ ಸಂಸಾರದ ಹಾಗೆ ದಾರಿಯುದ್ದಕ್ಕೂ ಅಲೆದವು.

"ಅಳಿಯಂದಿರೇ, ಕೈ ಮೇಲೆತ್ತಬೇಡಿ" ಎಂದು ಆಟೋದಿಂದ ಕೂಗು. "ಅಯ್ಯೋ, ಕೆಳಗೂ ಇಳಿಸಬೇಡಿ."

"ನೋಡಿ, ಹೇಗೆ ಒದ್ದಾಡ್ತಿದೆ" ಎಂದರು ಪೋಸ್ಟ್‌ಮಾಸ್ತರರು. "ನಾನು ಸುಳ್ಳು ಹೇಳಿದ್ನಾ?"

ಠಾಣೆಯ ದೊಡ್ಡ ಗೇಟು ತೆರೆಯುವುದು ಬೆಂಕಿ ಎಂಜಿನ್ ಹೊರಡುವಾಗ ಮಾತ್ರ. ಬಂದುಹೋಗುವವರಿಗೆ ಪಕ್ಕದಲ್ಲಿ ಸಣ್ಣದೊಂದು ಗೇಟಿದೆ. ಹಿಂದಿನ ಸಲ ದರ್ಜಿ ಅದರೊಳಗೆ ಸೈಕಲ್ ಇಳಿಯದೇ ಹೋಗಿದ್ದ. ಇವತ್ತು ಆವರಣದಲ್ಲಿ ಸಾಹೇಬರು ಸಿಬ್ಬಂದಿಯೊಡನೆ ನಿಂತದ್ದು ಕಂಡಿತು. ಅವರ ಪಕ್ಕದಲ್ಲಿ ಕೈಯಲ್ಲಿ ಹೊಳೆಯುವ ಚೀಲ ಹಿಡಿದು ರೆಡಿಮೇಡ್ ಅಂಗಡಿಯ ಮಾಲೀಕ. ದರ್ಜಿಗೆ ಹೊಸ ಹುರುಪು ಬಂತು. ಕೈ ಕೆಳಗಿನ ಮನೆಗೆ ಇಳಿಸಿ, ತಲೆ ತಗ್ಗಿಸಿ, ಜೋರಾಗಿ ಪೆಡಲ್ ತುಳಿದ.

ದೊಡ್ಡ ಸದ್ದೇನೂ ಆಗಲಿಲ್ಲ. ಬಾಟಲಿಗೆ ಬಿರಡೆ ಹಾಕಿದ ಹಾಗೆ ಹ್ಯಾಂಡಲ್ ಗೇಟಿನ ಎರಡು ಕಂಬಗಳ ನಡುವೆ ಗಟ್ಟಿಯಾಗಿ ಕೂತಿತು. ತೋಳುಗಳು ಬಾಗಿಗೂ ಕಂಬಕ್ಕೂ ನಡುವೆ ಸಿಕ್ಕಿಕೊಂಡವು. ದರ್ಜಿ ಸೀಟಿನ ಮೇಲೆಯೇ ಉಳಿದ. ಬೀಳಲೂ ಜಾಗವಿರಲಿಲ್ಲ.

"ನಮಸ್ಕಾರ ಸರ್" ಎಂದ ಅಲ್ಲಿಂದಲೇ. "ಹ್ಯಾಂಡಲ್ ತಂದಿದೀನಿ."

ಠಾಣೆಯ ಸಿಬ್ಬಂದಿಗೆ ಬಹಳ ದಿನದಿಂದ ಒಂದು ಬೆಂಕಿಯೂ ಸಿಕ್ಕಿರಲಿಲ್ಲ. ಅವರು ಹರ್ಷದಿಂದ ಓಡಿ ಹೋಗಿ ಏಣಿ, ಹಗ್ಗ, ಕಬ್ಬಿಣ ಕತ್ತರಿಸುವ ಯಂತ್ರ ಎಲ್ಲ ತಂದರು. ಒಬ್ಬ ನೀರಿನ ಕೊಳವೆಯನ್ನೂ ಬಿಚ್ಚತೊಡಗಿದ. ಆಟೋದಿಂದಿಳಿದ ಅತ್ತೆ ಯಂತ್ರ ನೋಡಿ ಅಡ್ಡ ನಿಂತರು.

"ಏನು ಬೇಕಾದ್ರೂ ಕತ್ತರಿಸಿ. ಕೈ ಮಾತ್ರ ಬಿಡಿ. ಅವು ಮೊದಲೇ ಸರಿ ಇಲ್ಲ."

ರೆಡಿಮೇಡ್ ಮಾಲೀಕ ಚೀಲದ ಬಾಯಿ ಬಿಚ್ಚುತ್ತ ಸಾಹೇಬರಿಗೆ ಮೆಲ್ಲಗೆ ಹೇಳಿದ, "ನಾನು ಹೇಳ್ಬಾರದು ಸರ್. ಅಳತೆ ಅನ್ನೋದೇ ಗೊತ್ತಿಲ್ಲದವರ ಕೈಗೆ ಇಷ್ಟು ದೊಡ್ಡ ಕೆಲಸ..."

ಸಾಹೇಬರು ಗೇಟಿನ ಹತ್ತಿರ ಬಂದರು. ಕತ್ತರಿಸುವುದು ಬೇಡವೆಂದು ಕೈ ಅಡ್ಡ ಮಾಡಿದರು. ದರ್ಜಿಯ ಎದುರು ನಿಂತು ಹ್ಯಾಂಡಲನ್ನು ಎರಡೂ ಕಡೆ ಹಿಡಿದು ಒಂದು ಸಲ ತಿರುಚಿ ಎತ್ತಿದರು. ಸೈಕಲ್, ದರ್ಜಿ, ಡಬ್ಬ ಎಲ್ಲ ಒಟ್ಟಿಗೆ ಒಳಗೆ ಬಂದು ನೆಲಕ್ಕಿಳಿದವು. ದರ್ಜಿ ಇಳಿದ. ಸಾಹೇಬರು ಮಾತ್ರ ಹ್ಯಾಂಡಲ್ ಬಿಡಲಿಲ್ಲ. ಮೇಲೆ ಹಿಡಿದು ನೋಡಿದರು. ಟೊಪ್ಪಿಯ ಮೇಲೆ ಅಂಗೈ ಊರಿದರು. ಕೆಳಗಿನ ಬಾಗಿಗೆ ಕೈ ಹಾಕಿದರು. ಅವರ ಮುಖದಲ್ಲಿ ಸಿಬ್ಬಂದಿ ಎಂದೂ ಕಾಣದ ಒಂದು ಮೃದುತ್ವ ಬಂತು. ಕಾಲೆತ್ತಿ ಸೈಕಲ್ ಮೇಲೆ ಕೂತರು.

"ಇದು ಯಾರ ಅಳತೆಗೆ ಮಾಡಿಸಿದ್ದು?"

ನಿಮ್ಮದೇ ಸರ್ ಎಂದುಬಿಟ್ಟಿದ್ದರೆ ಎಲ್ಲ ಸಲೀಸಾಗುತ್ತಿತ್ತು. ಪೋಸ್ಟ್‌ಮಾಸ್ತರರು ಹಾಗೆನ್ನುವಂತೆ ಕಣ್ಸನ್ನೆಯನ್ನೂ ಮಾಡಿದರು. ಆದರೆ ಅಳತೆಯ ವಿಷಯದಲ್ಲಿ ಸುಳ್ಳು ಹೇಳಲು ದರ್ಜಿಯ ನಾಲಿಗೆ ಹೊರಳಲಿಲ್ಲ.

"ನನ್ನದೇ ಸರ್. ಲೂಸು ಸ್ವಲ್ಪ ಜಾಸ್ತಿ ಆಯ್ತು."

ಸಾಹೇಬರು ಅವನ ಭುಜ ನೋಡಿದರು, ಹ್ಯಾಂಡಲ್ ನೋಡಿದರು. "ನನ್ನ ಕೋಟಲ್ಲೂ ಇಷ್ಟೇ ಲೂಸು ಬಿಟ್ಟಿದೀರೇನ್ರೀ? ಹಾಗಿದ್ರೆ ನಾನು ಅದರೊಳಗೆ ಸಂಸಾರ ಹೂಡಬಹುದು."

"ಇಲ್ಲ ಸರ್. ಇದಕ್ಕೆ ಮನೆಯವಳೂ ಸೇರಿ ಮೂರು ಜನ ಲೂಸು ಬಿಟ್ಟಿದೀವಿ. ನಿಮ್ಮ ಕೋಟಿನ ಅಳತೆ ತಗೊಂಡಿದ್ದು ನಾನೊಬ್ಬನೇ."

"ಇರಲಿ. ಕೈ ಚಾಚಿ."

ದರ್ಜಿ ಎರಡೂ ಕೈ ಚಾಚಿದ. ಬರಬೇಕಾಗಿದ್ದ ಜೋಮು ಬಂದಿರಲಿಲ್ಲ. ಅದು ಹೇಗೆ ಬರಬೇಕು? ಜೋಮು ಹಿಡಿಯಬೇಕಾದರೆ ಕೈ ಒಂದು ಕಡೆ ಇರಬೇಕು. ಆ ಹ್ಯಾಂಡಲ್ ದಾರಿಯುದ್ದಕ್ಕೂ ಅವನ ಕೈಗಳನ್ನು ಎಲ್ಲಿಯೂ ನಿಲ್ಲಗೊಟ್ಟಿರಲಿಲ್ಲ. ಬೆರಳುಗಳು ಬಿಸಿಯಾಗಿ, ಚುರುಕಾಗಿ, ಅಳ್ಳಾಡದೆ ನಿಂತಿದ್ದವು.

ಡಬ್ಬ ಬಿಚ್ಚಿ ಕೋಟು ತೆಗೆದ. ಸಾಹೇಬರು ಸೈಕಲ್ ಮೇಲೆ ಕೂತಂತೆಯೇ ತೋಳು ತೂರಿಸಿದರು. ಭುಜ ಕೂತಿತು, ಬೆನ್ನು ಕೂತಿತು. ಸಾಹೇಬರು ಪರೀಕ್ಷೆಗೆಂದು ಮುಂದೆ ಬಾಗಿ ಹ್ಯಾಂಡಲಿನ ಕೆಳಗಿನ ಬಾಗನ್ನು ಹಿಡಿದರು. ರೆಡಿಮೇಡ್ ಮಾಲೀಕ ಪರಪರ ಶಬ್ದಕ್ಕಾಗಿ ಕಿವಿಗೊಟ್ಟು ನಿಂತ. ಶಬ್ದ ಬರಲಿಲ್ಲ. ಕಾಲರಿನ ಹತ್ತಿರ ಮಾತ್ರ ಕೂದಲೆಳೆಯಷ್ಟು ಬಟ್ಟೆ ಎದ್ದು ನಿಂತಿತ್ತು. ದರ್ಜಿ ಪಿನ್ನು ತೆಗೆದು ಅಲ್ಲಿ ಚುಚ್ಚಿದ, ಅದರ ಪಕ್ಕ ಇನ್ನೊಂದು, ಮತ್ತೊಂದು. ಸಾಲಿಗೆ ಸಾಲು, ಚಿತ್ರ ಬಿಡಿಸಿಟ್ಟ ಹಾಗೆ.

"ಬೆನ್ನೊಳಗೆ ಏನಾದ್ರೂ ಓಡಾಡ್ತಿದೆಯಾ ಸರ್?"

"ಇಲ್ಲ ಕಣ್ರೀ" ಎಂದರು ಸಾಹೇಬರು, ಸ್ವಲ್ಪ ಆಶ್ಚರ್ಯದಿಂದ.

ಅತ್ತೆ ಆ ಕೈಗಳನ್ನೇ ನೋಡುತ್ತಿದ್ದರು. ಹೋದದ್ದು ಬಂದ ಸಂತೋಷಕ್ಕೆ ಅವರಿಗೆ ಅಳು ತಡೆಯಲಾಗಲಿಲ್ಲ. ಪೋಸ್ಟ್‌ಮಾಸ್ತರರು ತಮ್ಮ ಕಣ್ಣೆದುರೇ ನಡೆದ ಈ ಪವಾಡವನ್ನು ಮೊದಲು ಯಾರಿಗೆ ಹೇಳಬೇಕೆಂದು ಸುತ್ತ ನೋಡಿ, ಸಮೀಪದಲ್ಲಿದ್ದ ರೆಡಿಮೇಡ್ ಮಾಲೀಕನಿಗೇ ಹೇಳತೊಡಗಿದರು. ಅವನು ಚೀಲ ಕಂಕುಳಲ್ಲಿ ಇರುಕಿಕೊಂಡು ಗೇಟಿನ ಕಡೆ ನಡೆದ. ಪೋಸ್ಟ್‌ಮಾಸ್ತರರು ಬಿಡದೆ ಜೊತೆಗೆ ನಡೆದರು.

ಸಾಹೇಬರು ಅಷ್ಟರಲ್ಲಿ ಪೆಡಲ್ ತುಳಿದು ಆವರಣದಲ್ಲಿ ಒಂದು ಸುತ್ತು ಹೋಗಿ ಬಂದರು. ಹುಟ್ಟಿದಾಗಿನಿಂದ ಎಲ್ಲ ಸೈಕಲ್ಲುಗಳ ಮೇಲೂ ಕೈ ಮುದುರಿಕೊಂಡು ಕೂತವರು ಮೊದಲ ಬಾರಿಗೆ ಭುಜ ಬಿಚ್ಚಿ ಕೂತಿದ್ದರು. ಪಿನ್ನು ಚುಚ್ಚಿದ ಕೋಟು ಗಾಳಿಗೆ ಹಾರುತ್ತಿತ್ತು.

"ಸರ್, ಒಂದು ನಿಮಿಷ ನಿಲ್ಲಿ" ಎಂದು ದರ್ಜಿ ಟೇಪು ಹಿಡಿದು ಹಿಂದೆ ಓಡಿದ. "ಆ ಕಡೆ ತೋಳು ಇನ್ನೂ ನೋಡಿಲ್ಲ."

"ಅದು ಸರಿಯಾಗೇ ಇರುತ್ತೆ ಬಿಡ್ರೀ. ನನ್ನನ್ನ ಹಿಡಿಯೋಕೆ ಬರಬೇಡಿ. ಇವರೆಲ್ಲರ ಅಳತೆ ಇವತ್ತೇ ತಗೊಂಡುಬಿಡಿ. ಲೂಸು ನಿಮ್ಮದೊಂದೇ ಇರಲಿ, ಮನೆಯವರದು ಬೇಡ."

ಸಿಬ್ಬಂದಿ ಏಣಿ, ಹಗ್ಗ, ಯಂತ್ರ ಕೆಳಗಿಟ್ಟು ಸಾಲಾಗಿ ನಿಂತು ತೋಳು ಅಗಲಿಸಿದರು. ದರ್ಜಿ ಟೇಪನ್ನು ಕುತ್ತಿಗೆಗೆ ಹಾಕಿಕೊಂಡ. ಬಾಯಲ್ಲಿ ಒಂದು ಹಿಡಿ ಪಿನ್ನು ಕಚ್ಚಿಕೊಂಡು ಮೊದಲನೆಯವನ ಬೆನ್ನಿಗೆ ಬಂದ. ಸಾಹೇಬರು ಎರಡನೆಯ ಸುತ್ತಿಗೆ ಹೊರಟಿದ್ದರು, ಇಳಿಯುವ ಸೂಚನೆ ಇರಲಿಲ್ಲ.

ಹೆಂಡತಿ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು, "ರೀ, ಆಟೋನೂ ಕಳಿಸಿಬಿಟ್ಟೆ. ಸೈಕಲ್ ಅವರು ಕೊಡೋ ಹಾಗೆ ಕಾಣಲ್ಲ. ನಾವು ಮನೆಗೆ ಹೋಗೋದು ಹೇಗೆ?"

ದರ್ಜಿಗೆ ಹೇಳುವುದು ಬಹಳವಿತ್ತು. ಬಾಯಿ ತುಂಬ ಪಿನ್ನು ಇದ್ದದ್ದರಿಂದ ನಗಲೂ ಆಗದೆ, ಕೆನ್ನೆ ಉಬ್ಬಿಸಿಕೊಂಡು, ಎದುರಿಗೆ ನಿಂತಿದ್ದ ಕೆಂಪು ಎಂಜಿನ್ನಿನ ಮುಂದಿನ ಸೀಟಿನ ಕಡೆಗೆ ಬೆರಳು ತೋರಿಸಿದ.